ರೊಟ್ಟಿ ಬಡಿಯೋದು ಕಲಿಯಾಕ ಬರ್ರಿ

ಜೋಳದ ರೊಟ್ಟಿ ಕಲಿಯಬೇಕು ಅಂತ ಯಾರಾದರೂ ಬಂದು ಒಲೆ ಮುಂದೆ ಕೂತರೆ ಗದಗ ಸೀಮೆಯ ಹೆಣ್ಣುಮಕ್ಕಳು ಮೊದಲು ಕೇಳುವುದು, 'ಹಿಟ್ಟು ಯಾವಾಗ ಬೀಸಿಸಿದ್ರಿ?' ಅಂತ. ಕೈಚಳಕದ ಮಾತು ಆಮೇಲೆ. ಗೋಧಿ ಹಿಟ್ಟಿಗಿರುವ ಅಂಟು ಜೋಳಕ್ಕಿಲ್ಲ. ತಣ್ಣೀರಲ್ಲಿ ಕಲಸಿದರೆ ಬಡಿಯುವಾಗ ಅಂಚು ಸೀಳುತ್ತದೆ. ಅದಕ್ಕೇ ಎಸರು ಬೇಕು. ಕುದಿಯುವ ನೀರು ಬಿದ್ದೊಡನೆ ಹಿಟ್ಟಿನ ಪಿಷ್ಟ ಅರೆಬೇಯುತ್ತದೆ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರೆ ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಷ್ಟು ಎಸರು ಹೊಯ್ದರೂ ಅಷ್ಟೇ.

ಹಿಟ್ಟಿನಿಂದ ಶುರುವಾದ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ಜೋಳ ಯಾವ ಹೊಲದ್ದು, ಕಪ್ಪು ಎರಿಯದೋ ಕೆಂಪು ಮಸಾರಿಯದೋ, ಹೊಸದೋ ಹಳೆಯದೋ ಎಂದು ಬೆಳೆಯುತ್ತದೆ. ಹಾಗಾಗಿ ಈ ಕಡೆ ಅಡುಗೆ ಕಲಿಯಲು ರಜೆ ಹಾಕಿ ಬರುವವರು ಅಡುಗೆಮನೆಗೆ ನೇರ ನುಗ್ಗದೆ ಸಂತೆಯ ದಾರಿಯಿಂದಲೇ ಒಳಗೆ ಬರಬೇಕು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಅಡುಗೆ ಶಾಲೆಗಳು ಪ್ರವಾಸಿಗರನ್ನು ಮೊದಲು ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಸೊಪ್ಪು ಬೇರು ಮೂಸಿ ನೋಡಿಸಿ, ಆಮೇಲೆ ಒಲೆ ಹಚ್ಚಿಸುತ್ತವೆ. ಅದಕ್ಕಾಗಿಯೇ ಜನ ವಿಮಾನ ಹತ್ತುತ್ತಾರೆ. ನಮ್ಮಲ್ಲಿ ಕೊಡಗು, ಮಲೆನಾಡಿನ ಹೋಂಸ್ಟೇಗಳು ಕಡುಬು, ಪತ್ರೊಡೆ ಮಾಡಿ ಬಡಿಸಿ ಹೆಸರು ಗಳಿಸಿವೆ. ಬಯಲುಸೀಮೆಯ ಪಾಲಿಗೆ ಮಾತ್ರ ನೋಡುವಂಥದ್ದೇನಿದೆ ಎಂಬ ಮಾತು. ಕಾಡು, ಮಂಜು ಬೇಕೆನ್ನುವವರಿಗೆ ಇಲ್ಲಿ ಏನೂ ಇಲ್ಲ, ನಿಜ. ಊಟ ಬೇಕೆನ್ನುವವರ ಮಾತು ಬೇರೆ.

ಹಿರೇಹಂದಿಗೋಳದಂಥ ಗದಗ ತಾಲ್ಲೂಕಿನ ಊರೊಂದರಲ್ಲಿ ಉಳಿದುಕೊಂಡರೆ ಗದಗ-ಬೆಟಗೇರಿಯ ಪೇಟೆಯನ್ನೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆಗಳನ್ನೂ ದಿನಕ್ಕೊಂದರಂತೆ ನೋಡಿ ಬರಬಹುದು. ಗದಗಿನ ಸುತ್ತ ಎರಿ ಭೂಮಿ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡ್ಲಿ, ಕುಸುಬಿ. ಕಪ್ಪತಗುಡ್ಡದ ಬುಡಕ್ಕೆ ಹೋದಂತೆ ಮಣ್ಣು ಕೆಂಪಾಗುತ್ತದೆ, ಶೇಂಗಾ, ಸಜ್ಜಿ ಕಾಣತೊಡಗುತ್ತವೆ. ಊಟದ ತಾಟಿನಲ್ಲಿರುವ ಬಹುಪಾಲು ಪದಾರ್ಥ ಇಷ್ಟರೊಳಗೇ ಹುಟ್ಟಿದ್ದು.

ಸಂತೆಯಲ್ಲಿ ಕಲಿಯುವುದು ಬಹಳ. ಜೋಳ ಕೊಳ್ಳುವ ಮುದುಕರು ಮುಷ್ಟಿ ತುಂಬ ತೆಗೆದು ಊದಿ, ಎರಡು ಕಾಳು ಹಲ್ಲಿನ ನಡುವೆ ಇಟ್ಟು ಕಟುಂ ಎನ್ನಿಸುತ್ತಾರೆ. ಮಾಲದಂಡಿ ಎಂದು ಹೆಸರಾದ ಎಂ 35-1 ತಳಿ ಕಳೆದ ಶತಮಾನದ ಮೂವತ್ತರ ದಶಕದಿಂದ ಈ ಹಿಂಗಾರಿ ಹೊಲಗಳಲ್ಲಿದೆ. ಎಷ್ಟೋ ಹೊಸ ತಳಿ ಬಂದವು; ರೊಟ್ಟಿಯ ರುಚಿಗೂ ದನದ ಕಣಿಕಿಗೂ ಇದೇ ಸೈ ಎನ್ನುವ ರೈತರು ಈಗಲೂ ಇದ್ದಾರೆ. ಬೆಂಗಳೂರಿನಿಂದ ಬಂದವರು ಹಿಟ್ಟಿನ ಪಾಕೀಟು ಕೊಳ್ಳದೆ ಕಾಳನ್ನೇ ಚೀಲದಲ್ಲಿ ಒಯ್ಯುವುದು ಒಳ್ಳೆಯದು. ಅಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುವ ಗಿರಣಿಯವರನ್ನು ಜೋಳ ಬೇರೆಯಾಗಿ ಬೀಸಲು ಒಪ್ಪಿಸುವುದು ಅವರವರ ಪುಣ್ಯ.

ಸೊಪ್ಪಿನವರ ಸಾಲು ಇನ್ನೊಂದು ಶಾಲೆ. ಮೆಂತೆ, ಪುಂಡಿ, ರಾಜಗಿರಿ, ಕಿರಕಸಾಲಿ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ. ಇವುಗಳಲ್ಲಿ ಪುಂಡಿಯನ್ನು ಜೋಳದ ನುಚ್ಚಿನ ಜತೆ ಬೇಯಿಸುತ್ತಾರೆ, ಹಕ್ಕರಕಿಯನ್ನು ತೊಳೆದು ಹಸಿದೇ ರೊಟ್ಟಿಗೆ ಸುತ್ತಿ ಕಚ್ಚುತ್ತಾರೆ. ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು, ಎಳೆ ಸೌತಿಕಾಯಿಯ ಜತೆ ಉಣ್ಣುವ ಈ ಪದ್ಧತಿಗೆ ನಗರದ ಹೋಟೆಲಿನವರು ಸಲಾಡ್ ಎಂದು ಹೆಸರಿಟ್ಟು ಪ್ರತ್ಯೇಕ ದರ ಹಾಕುತ್ತಾರೆ.

ಮೆಣಸಿನಕಾಯಿಯದು ಬೇರೆಯೇ ಪಾಠ. ಬ್ಯಾಡಗಿ ಮೆಣಸಿನಕಾಯಿ ಎನ್ನುವುದು ಹಾವೇರಿ ಜಿಲ್ಲೆಯ ಪೇಟೆಯ ಹೆಸರಿನಲ್ಲಿ ಪ್ರಸಿದ್ಧವಾಗಿದ್ದರೂ ಬೆಳೆಯುವುದು ಧಾರವಾಡ, ಗದಗ ಜಿಲ್ಲೆಯ ಹೊಲಗಳಲ್ಲೂ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದರಲ್ಲಿ ಡಬ್ಬಿ ಎಂಬ ಬಗೆ ಗುಂಡಗೆ, ಬೀಜ ಜಾಸ್ತಿ, ಬಣ್ಣವೂ ಜಾಸ್ತಿ. ಕಡ್ಡಿ ಎಂಬ ಬಗೆ ಸಪೂರ, ಉದ್ದ, ಮೈತುಂಬ ಸುಕ್ಕು. ಗುಂಟೂರಿನ ಕಾಯಿಯ ಉರಿ ಎರಡರಲ್ಲೂ ಇಲ್ಲ. ಬ್ಯಾಡಗಿಯ ಕೆಂಪನ್ನು ಎಣ್ಣೆಯ ರೂಪದಲ್ಲಿ ಹಿಂಡಿ ತೆಗೆಯುವ ಕಾರ್ಖಾನೆಗಳಿವೆ. ಆ ಬಣ್ಣ ತಿಂಡಿಯ ಉದ್ಯಮಕ್ಕೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. 2024ರ ಮಾರ್ಚಿನಲ್ಲಿ ದರ ಕುಸಿದಾಗ ರೈತರ ಸಿಟ್ಟು ಬ್ಯಾಡಗಿಯ ಮಾರುಕಟ್ಟೆ ಕಚೇರಿಯವರೆಗೆ ಹೋಗಿ ವಾಹನಗಳು ಸುಟ್ಟುಹೋದವು. ಕೆಂಪು ಖಾರದ ತುತ್ತು ನಾಲಿಗೆಗೆ ಹಚ್ಚಿಕೊಳ್ಳುವ ಪ್ರವಾಸಿಗೆ ಇದೂ ಗೊತ್ತಿರಲಿ.

ಅಡುಗೆಯನ್ನು ಬರೆದು ಕಲಿಸುವ ಅಭ್ಯಾಸ ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯ 1025ರ ಹೊತ್ತಿಗೆ ಬರೆದ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ಗಿಡಮರಗಳ ವಿಷಯದ ಜತೆಗೇ ಪಾಕಶಾಸ್ತ್ರವೂ ಇದೆ. ಅದೇ ಚಾಲುಕ್ಯರ ನಾಡಿನ ಲಕ್ಕುಂಡಿ ಗದಗಿನಿಂದ ಕೂಗಳತೆ ದೂರ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಅಡುಗೆಯನ್ನು ಷಟ್ಪದಿಗೇ ಇಳಿಸಿ 'ಸೂಪಶಾಸ್ತ್ರ' ಬರೆದ. ಆದರೂ ಎಸರು ಎಷ್ಟು, ಹಿಟ್ಟು ಎಷ್ಟು ಎಂದು ಕೇಳಿದರೆ ಈ ಕಡೆಯ ಅಡುಗೆಮನೆಗಳಲ್ಲಿ ಬರುವ ಉತ್ತರ ಒಂದೇ: 'ಅಂದಾಜು ಮಾಡ್ಕೋರಿ.'

ಆ ಅಂದಾಜು ಕೈಗೆ ಹತ್ತುವುದಕ್ಕೆ ಹೊತ್ತು ಬೇಕು. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಿಂದ ಬಡಿಯುತ್ತ ಬಂದರೆ ಕಲಿತವರ ಕೈಯಲ್ಲಿ ರೊಟ್ಟಿ ತಾನಾಗಿ ಸುತ್ತುತ್ತದೆ. ಹೊಸಬರ ರೊಟ್ಟಿ ಸುತ್ತುವುದಿಲ್ಲ, ಭೂಪಟವಾಗುತ್ತದೆ. ನಡುವೆ ದಪ್ಪ ಉಳಿದರೆ ಉಬ್ಬದು. ಅಂಚು ತೀರ ತೆಳುವಾದರೆ ಎತ್ತುವಾಗಲೇ ಹರಿಯುತ್ತದೆ. ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ಒಣಹಿಟ್ಟು ಕಾಣುವ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರುವ ಮುಂಚೆ ಮಗುಚಬಾರದು, ಪೂರ್ತಿ ಆರಿದ ಮೇಲೆ ಮಗುಚಿದರೆ ಬಿರಿಯುತ್ತದೆ. ಆ ಎರಡರ ನಡುವಿನ ಗಳಿಗೆಯನ್ನು ಬಾಯಿಮಾತಿನಲ್ಲಿ ಹೇಳಿಕೊಡಲು ಯಾರಿಂದಲೂ ಆಗಿಲ್ಲ. ಉಬ್ಬಿದ ಬಿಸಿ ರೊಟ್ಟಿ ಆಗಲೇ ಉಣ್ಣಲಿಕ್ಕೆ. ಒಲೆಯ ಮಗ್ಗಲಿಗೆ ಒರಗಿಸಿ ನೀರಿನಂಶ ಪೂರ್ತಿ ಆರಿಸಿದ್ದು ಕಡಕ್ ರೊಟ್ಟಿ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಅದಕ್ಕೇ ಬೆಂಗಳೂರು, ಪುಣೆಯಲ್ಲಿರುವ ಮಕ್ಕಳ ಚೀಲದಲ್ಲಿ ಅದು ಇದ್ದೇ ಇರುತ್ತದೆ.

ಜೊತೆಗೆ ಎಣ್ಣಿಗಾಯಿ: ಎಳೆ ಬದನಿಕಾಯಿಯನ್ನು ನಾಲ್ಕು ಸೀಳಾಗಿ ಸೀಳಿ, ತೊಟ್ಟು ಬಿಡಿಸದೆ, ಹುರಿದ ಶೇಂಗಾ, ಗುರೆಳ್ಳು, ಹುಣಸಿ, ಬೆಲ್ಲ, ಖಾರ ತುಂಬಿ ಎಣ್ಣೆಯಲ್ಲಿ ಬೇಯಿಸುವುದು. ಮೊಳಕೆ ಬಂದ ಹೆಸರು, ಮಡಿಕಿ ಕಾಳಿನ ಪಲ್ಯ, ಝುಣಕ, ಅಗಸಿ ಚಟ್ನಿ, ಕೆನಿಮೊಸರು. ಚಳಿಗಾಲದಲ್ಲಿ ಹಸಿಮೆಣಸಿನಕಾಯಿ, ಅಗಸಿ ರುಬ್ಬಿ, ಗಜ್ಜರಿ, ಸೌತಿಕಾಯಿ ಹೆಚ್ಚಿ ಹಾಕಿ ಹುಳಿಯಾಗಲು ಬಿಟ್ಟ ಕರಿಂಡಿ. ಮನೆಯೊಳಗೆ ಕರೆಯುವವರು ಯಾರೂ ಇಲ್ಲದವರು ಗದಗಿನ ಯಾವುದಾದರೂ ಖಾನಾವಳಿಯ ಬೆಂಚಿನ ಮೇಲೆ ಕೂತರೆ ಈ ಪಟ್ಟಿಯ ಅರ್ಧ ಸಿಗುತ್ತದೆ. ಸಂಜೆಗೆ ಮಿರ್ಚಿ, ಗಿರಮಿಟ್ಟು, ಮತ್ತು ಈ ಊರು ಹೆಸರು ಮಾಡಿದ ಬದನಿಕಾಯಿ ಬಜಿ.

ಹಣದ ಮಾತು ಬಿಟ್ಟರೆ ತಪ್ಪಾಗುತ್ತದೆ. ರೊಟ್ಟಿ ಬಡಿಯುವ ಹೆಂಗಸರಿಗೆ ನಾವು ರೊಟ್ಟಿಯ ಲೆಕ್ಕದಲ್ಲಿ ಕೊಡುತ್ತೇವೆ, ಕಲಿಸಿದ್ದಕ್ಕೆ ಕೊಡುವುದಿಲ್ಲ. ರೆಸಾರ್ಟುಗಳಲ್ಲಿ ಇಳಕಲ್ ಸೀರೆ ಉಡಿಸಿ ಒಲೆ ಮುಂದೆ ಕೂರಿಸಿ ಫೋಟೊ ತೆಗೆಯುವ ಏರ್ಪಾಟು ನನಗೆ ಹಿಡಿಸುವುದಿಲ್ಲ. ಅಲ್ಲಿ ಅವರು ಅಲಂಕಾರ ಮಾತ್ರ. ಹಳ್ಳಿಯ ಸ್ವಸಹಾಯ ಸಂಘಗಳೇ ದರ ಗೊತ್ತುಮಾಡಿ, ಸಂತೆಯ ನಡಿಗೆಯಿಂದ ಊಟದವರೆಗೆ ತಾವೇ ನಡೆಸಲಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಸಂಘ ಮಾಡಿ ಲೆಕ್ಕ ಇಡುವುದನ್ನು ಇಲ್ಲಿಯವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ.

ಯಾವಾಗ ಬರಬೇಕು ಅಂದರೆ, ಎಳ್ಳಮಾವಾಸ್ಯೆಯಿಂದ ಮುಂದೆ. ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ಪರಿಚಯವಿಲ್ಲದವರನ್ನೂ ಕೂಗಿ ಕರೆಯುತ್ತಾರೆ. ಜನವರಿಯಲ್ಲಿ ಜೋಳದ ಹಾಲುಗಾಳಿನ ತೆನೆ ಸುಟ್ಟು ಸೀತನಿ. ಫೆಬ್ರುವರಿ ಹೊತ್ತಿಗೆ ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ತೇರು. ಮಾರನೇ ದಿನದ ರೊಟ್ಟಿ ಜಾತ್ರೆಗೆ ಊರವರು ಕೂಡಿ ಬಡಿದ ರೊಟ್ಟಿ, ಕಾಳುಪಲ್ಯ, ಕರಿಂಡಿಯನ್ನು ಜಾತಿ ಮತ ಕೇಳದೆ ಬಂದವರಿಗೆಲ್ಲ ಬಡಿಸುತ್ತಾರೆ. ಜಾತ್ರೆಗೆ ಎರಡು ದಿನ ಮುಂಚೆ ಬಂದರೆ ಕಲಿಯಲು ಅವಕಾಶ. ಅವತ್ತೇ ಬಂದರೆ ಉಣ್ಣಲು ಮಾತ್ರ.