ಮನೆತನವೂ ತೇರ್ಗಡೆಯೂ

ಉಪಾಧ್ಯಾಯರ ಮಕ್ಕಳು ಓದಿನಲ್ಲಿ ಮುಂದೆಂಬ ಮಾತನ್ನು ಮೈಸೂರಿನಲ್ಲಿ ಬಹುಕಾಲದಿಂದ ಕೇಳುತ್ತಿದ್ದೇನೆ. ಆದರೆ ಇಲ್ಲಿನ ಮಹಾರಾಜಾ ಕಾಲೇಜಿಯೇಟ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮಗ ಆರ್. ಕೆ. ನಾರಾಯಣರೇ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು! ಒಂದು ವರ್ಷ ಮನೆಯಲ್ಲೇ ಕುಳಿತು ಮನಸೋಇಚ್ಛೆ ಓದಿದರು, ಬರೆದರು, 1930ರಲ್ಲಿ ಪದವೀಧರರಾದರು. ಎಳವೆಯಲ್ಲೇ ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡು, ಸಂತೇಶಿವರದಿಂದ ಬಂದು ಕಡುಬಡತನದಲ್ಲಿ ಇದೇ ಊರಿನಲ್ಲಿ ಕಲಿತ ಎಸ್. ಎಲ್. ಭೈರಪ್ಪನವರಾದರೋ ಎಂ.ಎ.ಯಲ್ಲಿ ಸುವರ್ಣಪದಕ ಗಳಿಸಿದರು.

ಹಾಗಾದರೆ ಮನೆತನದ ಫಲವೇನು? ನಪಾಸಾದವನಿಗೂ ಒಂದು ವರ್ಷ ಅನ್ನವಿಕ್ಕುವ ಶಕ್ತಿಯೇ ಅದೆಂದು ನನ್ನ ಎಣಿಕೆ. ಭೈರಪ್ಪನವರಂಥ ವಿದ್ಯಾರ್ಥಿ ಒಮ್ಮೆ ಎಡವಿದ್ದರೆ ಆ ವರ್ಷದ ಊಟವನ್ನು ಯಾರು ಹಾಕಬೇಕಿತ್ತು? ಇಂದು ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಹಿಂದುಳಿದವರಿಗೆಂದೇ ವರ್ಷಪೂರ್ತಿ ವಿಶೇಷ ತರಗತಿಗಳು ನಡೆಯುತ್ತವೆ. ಶುಲ್ಕ ತೆರಬಲ್ಲ ಮನೆಯ ಮಗುವಿಗೆ ಆ ವರ್ಷ ದಕ್ಕುತ್ತದೆ.