ಸಾವಿರ ರನ್ನುಗಳ ಋತು ಮತ್ತು ವಿಶ್ರಾಂತಿಯ ದಿನಗಳು

2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಟ್ರೋಫಿ ಫೈನಲ್ ಪಂದ್ಯವನ್ನು ಮೈಸೂರಿನ ಕ್ರಿಕೆಟ್ ಪ್ರೇಮಿಗಳು ಮರೆತಿರಲಾರರು. ಗೆಲ್ಲಲು 338 ರನ್ ಬೇಕಿದ್ದ ಕರ್ನಾಟಕ, ಮುಂಬೈ ಎದುರು ಕೇವಲ 6 ರನ್‌ಗಳಿಂದ ಸೋತಿತು. ಆ ಇನಿಂಗ್ಸ್‌ನಲ್ಲಿ 144 ರನ್ ಬಾರಿಸಿದ ಮನೀಷ್ ಪಾಂಡೆ ಆ ಋತುವಿನಲ್ಲಿ ಒಟ್ಟು 882 ರನ್ ಗಳಿಸಿ ದೇಶದಲ್ಲೇ ಮೊದಲಿಗರಾದರು. ಆಗ ಅವರಿಗೆ ಇಪ್ಪತ್ತೇ ವರ್ಷ.

ಇಂಥ ಆಟ ನೋಡಿದ ಮನೆಗಳಲ್ಲಿ ಮಕ್ಕಳಿಗೆ ಹೊಸ ಬ್ಯಾಟು ಬರುವುದು ಸಹಜ. ಅದು ಸಂತೋಷದ ವಿಷಯವೇ. ಆದರೆ ಬೇಸಿಗೆ ರಜೆ ಬಂತೆಂದರೆ ನಮ್ಮಂಥ ವೈದ್ಯರ ಬಳಿ ಬೇರೊಂದು ಚಿತ್ರ ಕಾಣಿಸುತ್ತದೆ. ಹನ್ನೆರಡು, ಹದಿನಾಲ್ಕು ವರ್ಷದ ಹುಡುಗರು ಸೊಂಟನೋವು, ಹಿಮ್ಮಡಿ ನೋವು, ಭುಜದ ನೋವು ಎಂದು ಬರುತ್ತಾರೆ. ಬೆಳಿಗ್ಗೆ ಐದೂವರೆಗೆ ಮೈದಾನ, ಸಂಜೆ ನೆಟ್ಸ್, ಭಾನುವಾರ ಪಂದ್ಯ. ಜೊತೆಗೆ ಬಂದ ತಂದೆಯವರ ಕೋರಿಕೆ ಹೆಚ್ಚು ಕಡಿಮೆ ಒಂದೇ: "ಡಾಕ್ಟ್ರೇ, ಮುಂದಿನ ತಿಂಗಳು ಸೆಲೆಕ್ಷನ್ ಇದೆ. ನೋವು ಹೋಗೋ ಹಾಗೆ ಒಂದು ಇಂಜೆಕ್ಷನ್ ಕೊಟ್ಟುಬಿಡಿ, ರೆಸ್ಟ್ ಮಾತ್ರ ಹೇಳಬೇಡಿ."

ವಿಶ್ರಾಂತಿ ಎಂದರೆ ಕಳೆದುಹೋದ ದಿನ ಎಂಬ ಭಾವನೆ ಈ ಮಾತಿನ ಹಿಂದೆ ಇದೆ. ಅದು ಎಷ್ಟು ತಪ್ಪು ಎಂಬುದನ್ನು ತಿಳಿಯಲು, ದಾಖಲೆ ಮಾಡಿದ ಆಟಗಾರರ ಋತುಗಳನ್ನೇ ದೇಹಶಾಸ್ತ್ರದ ಕಣ್ಣಿನಿಂದ ನೋಡೋಣ.

ದಾಖಲೆಯ ಋತುಗಳು

ರಣಜಿ ಪಂದ್ಯಾವಳಿಯ ಒಂದೇ ಋತುವಿನಲ್ಲಿ ಸಾವಿರ ರನ್ ದಾಟಿದ ಮೊದಲಿಗರು ರೂಸಿ ಮೋದಿ. 1944-45ರಲ್ಲಿ ಅವರು ಐದೇ ಪಂದ್ಯಗಳಲ್ಲಿ 1008 ರನ್ ಗಳಿಸಿದರು. 1998-99ರಲ್ಲಿ ನಮ್ಮ ಕರ್ನಾಟಕದ ವಿಜಯ್ ಭಾರದ್ವಾಜ್ 1280 ರನ್ ಗಳಿಸಿ ಅಲ್ಲಿಯವರೆಗಿನ ಎಲ್ಲರನ್ನೂ ಮೀರಿಸಿದರು. ಕನ್ನಡಕ ಧರಿಸಿ ಆಡುತ್ತಿದ್ದ ಅವರು ಆಫ್‌ಸ್ಪಿನ್ ಬೌಲಿಂಗನ್ನೂ ಮಾಡುತ್ತಿದ್ದರು. ಆ ವರ್ಷ ಕರ್ನಾಟಕ ಟ್ರೋಫಿ ಗೆದ್ದಿತು. ಮರುವರ್ಷವೇ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ 1415 ರನ್ ಗಳಿಸಿ ಆ ದಾಖಲೆಯನ್ನು ಮುರಿದರು. 2013-14ರಲ್ಲಿ ಕೆ.ಎಲ್. ರಾಹುಲ್ 1033 ರನ್ ಗಳಿಸಿದರು.

2017-18ರ ಮಯಂಕ್ ಅಗರ್‌ವಾಲ್ ಅವರ ಋತುವಂತೂ ಅಚ್ಚರಿ ಹುಟ್ಟಿಸುವಂಥದ್ದು. ರಣಜಿಯಲ್ಲಿ 1160, ವಿಜಯ್ ಹಜಾರೆ ಟ್ರೋಫಿಯಲ್ಲಿ 723, ಟಿ-20 ಪಂದ್ಯಾವಳಿಯಲ್ಲಿ 258, ಒಟ್ಟು 2141 ರನ್. ನವೆಂಬರ್ ತಿಂಗಳೊಂದರಲ್ಲೇ ಅವರು ಸಾವಿರ ರನ್ ದಾಟಿದರು. ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಔಟಾಗದೆ ಗಳಿಸಿದ 304 ಅದೇ ತಿಂಗಳಿನದು.

ಅಂಕಿಗಳ ಹಿಂದಿನ ಶ್ರಮ

ಈಗ ಸ್ವಲ್ಪ ಲೆಕ್ಕ ಮಾಡೋಣ. ಎರಡು ತುದಿಯ ಕ್ರೀಸ್‌ಗಳ ನಡುವಿನ ದೂರ ಸುಮಾರು 17.7 ಮೀಟರ್. 1280 ರನ್ನುಗಳಲ್ಲಿ ಅರ್ಧದಷ್ಟು ಬೌಂಡರಿಗಳಿಂದ ಬಂದವು ಎಂದಿಟ್ಟುಕೊಂಡರೂ ಉಳಿದ 640 ರನ್ನುಗಳಿಗೆ ಹನ್ನೊಂದು ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ಜೊತೆಗಾರನ ರನ್ನಿಗಾಗಿಯೂ ಓಡಬೇಕಲ್ಲವೇ? ಅದನ್ನೂ ಸೇರಿಸಿದರೆ ಹತ್ತಿರ ಹತ್ತಿರ ಮೈಸೂರಿನಿಂದ ನಂಜನಗೂಡಿಗಿರುವ ದೂರವಾಗುತ್ತದೆ. ಇದು ಸಲೀಸಾದ ಓಟವಲ್ಲ. ಕಾಲಿಗೆ ಪ್ಯಾಡ್, ತಲೆಗೆ ಹೆಲ್ಮೆಟ್, ಪ್ರತಿ ಬಾರಿಯೂ ಒಮ್ಮೆಲೇ ವೇಗ ಹೆಚ್ಚಿಸಿ, ಒಮ್ಮೆಲೇ ನಿಂತು, ತಿರುಗಿ ಓಡಬೇಕು. ತೊಡೆಯ ಹಿಂಭಾಗದ ಸ್ನಾಯುಗಳಿಗೂ ಮಂಡಿಗೂ ಹೆಚ್ಚು ಪೆಟ್ಟು ಬೀಳುವುದು ಈ ನಿಲ್ಲುವ, ತಿರುಗುವ ಕ್ಷಣದಲ್ಲೇ.

ಕಣ್ಣು ಮತ್ತು ಮಿದುಳಿನ ಕೆಲಸ ಇನ್ನೂ ಕಠಿಣ. ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡು ಬೌಲರ್‌ನ ಕೈಬಿಟ್ಟು ಬ್ಯಾಟ್ಸ್‌ಮನ್ ಬಳಿ ಬರಲು ಸುಮಾರು ಅರ್ಧ ಸೆಕೆಂಡ್ ಸಾಕು. ಕಣ್ಣು ಕಂಡದ್ದಕ್ಕೆ ದೇಹ ಸ್ಪಂದಿಸಲು ತೊಡಗುವುದರೊಳಗೆ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಆದ್ದರಿಂದ ನುರಿತ ಆಟಗಾರ ಚೆಂಡು ಕೈಬಿಡುವುದನ್ನು ನೋಡಿ, ಅದು ಎಲ್ಲಿ ಪುಟಿಯಬಹುದೆಂದು ಅಂದಾಜಿಸಿ, ಕಣ್ಣನ್ನು ಮೊದಲೇ ಅಲ್ಲಿಗೆ ಒಯ್ಯುತ್ತಾನೆ. ನಿದ್ರೆಗೆಟ್ಟರೆ, ಬೆವರಿನಲ್ಲಿ ಹೋದ ನೀರು ದೇಹಕ್ಕೆ ಮರಳದಿದ್ದರೆ ಮೊದಲು ಹದ ತಪ್ಪುವುದು ಈ ಅಂದಾಜು. ದೇಹತೂಕದ ನೂರರಲ್ಲಿ ಎರಡು ಪಾಲಿನಷ್ಟು ನೀರು ಕಡಿಮೆಯಾದರೂ ಗಮನ ಮಂಕಾಗುತ್ತದೆ.

ದುರಸ್ತಿ ನಡೆಯುವುದು ಯಾವಾಗ?

ಕಠಿಣ ಶ್ರಮದಿಂದ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ. ದೇಹ ಅವನ್ನು ಸರಿಪಡಿಸುವಾಗ ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಹೀಗೆ ಶಕ್ತಿ ಬೆಳೆಯುವುದು ಆಡುವಾಗಲ್ಲ, ಆಡಿದ ನಂತರ. ಈ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಗಾಢನಿದ್ರೆಯಲ್ಲಿ. ಖಾಲಿಯಾದ ಸ್ನಾಯುಗಳಲ್ಲಿ ಮತ್ತೆ ಶರ್ಕರದ ದಾಸ್ತಾನು ತುಂಬಲು ಒಳ್ಳೆಯ ಊಟದೊಂದಿಗೆ ಸುಮಾರು ಒಂದು ದಿನ ಬೇಕು. ಮೂಳೆಗೆ ಇನ್ನೂ ಹೆಚ್ಚು ಕಾಲ ಬೇಕು. ಬಿಡುವಿಲ್ಲದೆ ಒಂದೇ ಜಾಗದ ಮೇಲೆ ಭಾರ ಬೀಳುತ್ತಿದ್ದರೆ ಮೂಳೆಯಲ್ಲೂ ಕೂದಲೆಳೆಯಂಥ ಬಿರುಕು ಮೂಡುತ್ತದೆ. ವೇಗದ ಬೌಲಿಂಗ್ ಮಾಡುವ ಹುಡುಗರ ಸೊಂಟದ ಬೆನ್ನುಮೂಳೆಯಲ್ಲಿ ಇದು ಸಾಮಾನ್ಯ.

ರಣಜಿಯ ಎರಡು ಪಂದ್ಯಗಳ ನಡುವೆ ಕೆಲವು ದಿನಗಳ ಬಿಡುವು ಇರುತ್ತದೆ. ಸಾವಿರ ರನ್ನುಗಳ ಋತು ನಿಂತಿರುವುದು ಆ ದಿನಗಳ ಮೇಲೂ ಹೌದು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಒಂದು ತಂಡ ಒಂದು ಋತುವಿಗೆ 162 ಪಂದ್ಯ ಆಡುತ್ತದೆ. 2004ರಲ್ಲಿ ಅಲ್ಲಿ 262 ಯಶಸ್ವಿ ಹೊಡೆತಗಳನ್ನು ಹೊಡೆದು 1920ರ ದಾಖಲೆಯನ್ನು ಮುರಿದವರು ಜಪಾನಿನ ಇಚಿರೊ ಸುಜುಕಿ. ಆಳೆತ್ತರದ ದೈತ್ಯರ ನಡುವೆ ಅವರು ಸಣಕಲು ಮೈಯವರು. ಆದರೆ ಪ್ರತಿದಿನ ತಪ್ಪದೆ ಮೈ ಸಡಿಲಿಸುವ ವ್ಯಾಯಾಮ ಮಾಡುವ ಶಿಸ್ತಿಗೆ ಹೆಸರಾದವರು.

ಅಡ್ಡದಾರಿಯ ಬೆಲೆ

ವಿಶ್ರಾಂತಿಗೆ ಅಡ್ಡದಾರಿ ಹುಡುಕಿದವರೂ ಇದ್ದಾರೆ. ಬೇಸ್‌ಬಾಲಿನಲ್ಲಿ ಹೋಮ್ ರನ್ ಎಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. 1998ರಲ್ಲಿ ಮಾರ್ಕ್ ಮೆಗ್ವಾಯರ್ ಒಂದೇ ಋತುವಿನಲ್ಲಿ 70 ಹೋಮ್ ರನ್ ಹೊಡೆದಾಗ 1961ರಿಂದ ಉಳಿದಿದ್ದ 61ರ ದಾಖಲೆ ಮುರಿಯಿತು. ಇಡೀ ಅಮೆರಿಕ ಕುಣಿದಾಡಿತು. ಮೈಸೂರಿನಲ್ಲಿ ಆ ರಣಜಿ ಫೈನಲ್ ನಡೆದ 2010ರ ಜನವರಿಯಲ್ಲೇ, ತಾವು ಸ್ಟೀರಾಯ್ಡ್ ಬಳಸಿದ್ದಾಗಿ ಅವರು ಒಪ್ಪಿಕೊಂಡರು. ಅವರು ಕೊಟ್ಟ ಕಾರಣ ಗಮನಿಸಿ: ಗಾಯಗಳಿಂದ ಬೇಗ ಚೇತರಿಸಿಕೊಳ್ಳಲು! ದೇಹಕ್ಕೆ ಬೇಕಾದ ಸಮಯವನ್ನು ಔಷಧಿಯಿಂದ ಕೊಳ್ಳುವ ಪ್ರಯತ್ನ ಅದು.

ಸ್ನಾಯು ಬೆಳೆಸುವ ಈ ಸ್ಟೀರಾಯ್ಡ್‌ಗಳು ಪುರುಷ ಹಾರ್ಮೋನಿನ ಬಳಗದವು. ಬೆಳೆಯುವ ಹುಡುಗರಲ್ಲಿ ಇವು ಮೂಳೆಯ ತುದಿಗಳನ್ನು ಅಕಾಲದಲ್ಲಿ ಮುಚ್ಚಿಸಿ ಎತ್ತರವನ್ನೇ ನಿಲ್ಲಿಸಬಲ್ಲವು. ವೃಷಣಗಳು ಕುಗ್ಗುವುದು, ಎದೆ ಊದಿಕೊಳ್ಳುವುದು, ರಕ್ತದೊತ್ತಡ ಏರುವುದು, ಯಕೃತ್ತಿಗೂ ಹೃದಯಕ್ಕೂ ಹಾನಿ, ವಿಪರೀತ ಸಿಟ್ಟು, ಬಿಟ್ಟಾಗ ಖಿನ್ನತೆ, ಇವೆಲ್ಲ ಇದರ ಫಲಗಳು. ಜಿಮ್‌ಗಳಲ್ಲಿ ಕೈಯಿಂದ ಕೈಗೆ ಬರುವ ಪುಡಿ, ಮಾತ್ರೆಗಳಲ್ಲಿ ಚೀಟಿಯ ಮೇಲೆ ಬರೆಯದ ಪದಾರ್ಥಗಳೂ ಇರಬಹುದು. ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಉಬ್ಬಸ ಮುಂತಾದ ಕಾಯಿಲೆಗಳಿಗೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಬೇರೆಯೇ ಬಗೆಯದು. ಹೆದರಿ ಅದನ್ನು ನಿಲ್ಲಿಸಬೇಡಿ.

ಗೊತ್ತಿಲ್ಲದೆ ತೆಗೆದುಕೊಂಡ ಔಷಧಿಯೂ ಆಟಗಾರನಿಗೆ ಮುಳುವಾಗಬಹುದು. 2019ರಲ್ಲಿ ಪೃಥ್ವಿ ಶಾ ಎಂಟು ತಿಂಗಳ ನಿಷೇಧಕ್ಕೆ ಒಳಗಾದರು. ಕಾರಣ, ಕೆಮ್ಮಿನ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಟರ್ಬ್ಯುಟಲಿನ್ ಎಂಬ ನಿಷೇಧಿತ ಔಷಧಿ.

ಮನೆಯಲ್ಲಿ ಏನು ಮಾಡಬೇಕು?

ನಿಮ್ಮ ಮಗ ಅಥವಾ ಮಗಳು ಆಟವನ್ನು ಗಂಭೀರವಾಗಿ ಕಲಿಯುತ್ತಿದ್ದರೆ ಈ ಕೆಲವು ವಿಷಯಗಳನ್ನು ನೆನಪಿಡಿ.

ತರಬೇತಿಯ ಅವಧಿ: ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆ ಮೀರದಿರಲಿ. ಹನ್ನೆರಡು ವರ್ಷದವನಿಗೆ ಹನ್ನೆರಡು ಗಂಟೆ ಸಾಕು. ವಾರಕ್ಕೆ ಕನಿಷ್ಠ ಒಂದು ದಿನ ಪೂರ್ಣ ಬಿಡುವು, ವರ್ಷಕ್ಕೆ ಎರಡು ಮೂರು ತಿಂಗಳು ಆ ಆಟದಿಂದಲೇ ಬಿಡುವು ಇರಲಿ. ಆಗ ಈಜಲಿ, ಸೈಕಲ್ ತುಳಿಯಲಿ, ಗೆಳೆಯರೊಡನೆ ಕುಂಟೆಬಿಲ್ಲೆ ಆಡಲಿ.

ನಿದ್ರೆ: ಹನ್ನೆರಡು ವರ್ಷದವರೆಗೆ ಒಂಬತ್ತು ಗಂಟೆಗೆ ಕಡಿಮೆಯಾಗಬಾರದು, ನಂತರ ಎಂಟು ಗಂಟೆಗೆ ಕಡಿಮೆಯಾಗಬಾರದು. ಮುಂಜಾನೆ ಐದಕ್ಕೆ ಏಳಬೇಕಾದ ಹುಡುಗ ರಾತ್ರಿ ಹನ್ನೊಂದರವರೆಗೆ ಟಿ.ವಿ., ಮೊಬೈಲ್ ನೋಡುತ್ತಿದ್ದರೆ ಮರುದಿನದ ಅಭ್ಯಾಸದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಆಹಾರ: ಅನ್ನ, ಮುದ್ದೆ, ಚಪಾತಿ ಶಕ್ತಿ ಕೊಡುತ್ತವೆ. ಬೇಳೆ, ಹುರುಳಿ, ಕಡಲೆಕಾಯಿ, ಹಾಲು, ಮೊಟ್ಟೆ ದುರಸ್ತಿಗೆ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ, ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಸಾವಿರಾರು ರೂಪಾಯಿಯ ಡಬ್ಬಿ ಬೇಕಿಲ್ಲ.

ನೀರು: ಆಟದ ಮೊದಲು ಮತ್ತು ನಂತರ ತೂಕ ನೋಡಿ. ಅರ್ಧ ಕಿಲೋ ಕಡಿಮೆಯಾಗಿದ್ದರೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಮರಳಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರು ಉತ್ತಮ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಬಿಸಿಲಿನಲ್ಲಿ ಆಡುವ ಮಗು ತೊದಲಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಅದು ಉಷ್ಣಾಘಾತ. ತಕ್ಷಣ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ. ಪೂರ್ತಿ ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಕಣ್ಣು: ವರ್ಷಕ್ಕೊಮ್ಮೆ ಪರೀಕ್ಷಿಸಿ. ಕನ್ನಡಕ ಬಂದರೆ ಆಟ ಮುಗಿಯಿತು ಎಂದುಕೊಳ್ಳಬೇಡಿ. ಕನ್ನಡಕ ಧರಿಸಿಯೇ 1280 ರನ್ ಹೊಡೆದವರು ನಮ್ಮಲ್ಲೇ ಇದ್ದಾರೆ.

ನೋವು: ಆಡಿದ ಮರುದಿನ ಮೈಕೈ ನೋಯುವುದು ಸಹಜ. ಆದರೆ ಎರಡು ವಾರ ಮೀರಿದ ಸೊಂಟನೋವು, ರಾತ್ರಿ ಎಬ್ಬಿಸುವ ನೋವು, ಕುಂಟುವಂತೆ ಮಾಡುವ ನೋವು, ಒಂದೇ ಬೆರಳಿಟ್ಟು ತೋರಿಸಬಲ್ಲ ಮೂಳೆಯ ನೋವು, ಇವುಗಳಿಗೆ ವೈದ್ಯರ ಪರೀಕ್ಷೆ ಬೇಕು. ನೋವಿನ ಮಾತ್ರೆ ನುಂಗಿ ಆಡಿದರೆ ಬಿರುಕು ದೊಡ್ಡದಾಗುತ್ತದೆ. ಆರು ವಾರದಲ್ಲಿ ಕೂಡಬಹುದಾಗಿದ್ದ ಮೂಳೆ ಇಡೀ ಋತುವನ್ನೇ ನುಂಗಬಹುದು.

ಸೆಲೆಕ್ಷನ್ ಮುಂದಿನ ವರ್ಷವೂ ಬರುತ್ತದೆ. ಹದಿಮೂರನೇ ವಯಸ್ಸಿನಲ್ಲಿ ಕೈಗೂಡದ ಆಯ್ಕೆ ಹದಿನೇಳಕ್ಕೆ ಕೈಗೂಡಬಹುದು, ಆಗ ಆಡಲು ಗಟ್ಟಿಯಾದ ಬೆನ್ನು ಉಳಿದಿದ್ದರೆ. ಆದ್ದರಿಂದ ನಿಮ್ಮ ವೈದ್ಯರು ಮೂರು ವಾರ ವಿಶ್ರಾಂತಿ ಬರೆದುಕೊಟ್ಟರೆ, ಅದನ್ನೂ ತರಬೇತಿಯ ಒಂದು ಭಾಗವೆಂದೇ ಎಣಿಸಿ.