ಬಾಗಿದ ಹಿಡಿಯ ಬೈಸಿಕಲ್ಲು

ಮನೆಗೊಂದು ಬೈಸಿಕಲ್ಲು ಬೇಕೆಂದರೆ ನಮ್ಮ ಹಿರಿಯರಿಗೆ ಹೆಚ್ಚಿನ ಆಲೋಚನೆ ಬೇಕಾಗಿರಲಿಲ್ಲ. ಕಪ್ಪು ಬಣ್ಣದ, ಉಕ್ಕಿನ ಕೊಳವೆಗಳ, ರಾಡು ಬ್ರೇಕಿನ ಒಂದೇ ಜಾತಿಯ ಗಾಡಿ ಎಲ್ಲ ಅಂಗಡಿಗಳಲ್ಲಿಯೂ ದೊರೆಯುತ್ತಿತ್ತು. ಹೆಸರು ಮಾತ್ರ ಬೇರೆ ಬೇರೆ. ಸುಮಾರು 20 ಕಿಲೋಗ್ರಾಂ ತೂಗುವ ಆ ಗಾಡಿಯ ಮೇಲೆ ಭತ್ತದ ಮೂಟೆ, ಹಾಲಿನ ಕ್ಯಾನು, ಹೆಂಡತಿ ಮಕ್ಕಳು ಎಲ್ಲರೂ ಸಾಗಿದರು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿ ಹಲವು ವರ್ಷ ನಡೆಸಿಕೊಂಡು ಬಂದುದರಿಂದ, ಕೊಳ್ಳುವ ಚಿಂತೆಯೂ ಅನೇಕ ಮನೆಗಳಿಗೆ ತಪ್ಪಿತ್ತು. ಈಗಿನ ಪ್ರಶ್ನೆ ಬೇರೆಯದು. ಕಾಲೇಜಿನಲ್ಲಿ ಓದುವ ಮಗನೋ ಮಗಳೋ ಬಂದು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹಿಡಿಯ, ತೆಳುವಾದ ಟಯರಿನ, ಹತ್ತು ಕಿಲೋಗ್ರಾಂ ತೂಕದ ‘ರೋಡ್ ಬೈಕು’ ಬೇಕೆನ್ನುತ್ತಾರೆ. ಅದರ ಬೆಲೆ 30,000 ರೂಪಾಯಿಯ ಆಸುಪಾಸಿನಲ್ಲಿ ಆರಂಭವಾಗಿ ಲಕ್ಷವನ್ನು ದಾಟಿ ಹೋಗುತ್ತದೆ. ಇಷ್ಟು ಹಣವನ್ನು ಕೈಬಿಡುವ ಮೊದಲು ಗೃಹಸ್ಥನಾದವನು ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದನ್ನು ಅರಿತಿರುವುದು ಯುಕ್ತ.

ಬೆಂಗಳೂರಿನವರಿಗೆ ಹೇಳುವ ಮಾತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳವರಿಗೆ ಹಾಗೆಯೇ ಹೊಂದಲಾರದು. ಅಲ್ಲಿ ಗಾಡಿ ಕೆಟ್ಟರೆ ಅದನ್ನು ಬಲ್ಲ ಕುಶಲಿಗಳು ಅದೇ ಊರಿನಲ್ಲಿದ್ದಾರೆ. ಇಲ್ಲಿಯಾದರೋ ಕೊಳ್ಳುವುದು ದಾವಣಗೆರೆಯಲ್ಲಿ ಅಥವಾ ಶಿವಮೊಗ್ಗೆಯಲ್ಲಿ. ಕೆಡುವುದು ಸೂಳೆಕೆರೆಯ ಏರಿಯ ಹತ್ತಿರವೋ ಜಗಳೂರಿನ ಬಯಲಿನಲ್ಲೋ. ಆದಕಾರಣ ಗಾಡಿಯ ವೇಗವನ್ನು ವಿಚಾರಿಸುವುದಕ್ಕಿಂತ ಮೊದಲು, ನಮ್ಮ ಪೇಟೆಯ ಸೈಕಲ್ ಅಂಗಡಿಯವರು ಅದರಲ್ಲಿ ಯಾವ ಭಾಗವನ್ನು ಸರಿಪಡಿಸಬಲ್ಲರು, ಯಾವುದನ್ನು ಮುಟ್ಟಲಾರರು ಎಂಬುದನ್ನು ವಿಚಾರಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

ಗಾಡಿಯ ದೇಹವೆಂದರೆ ಅದರ ಚೌಕಟ್ಟು. ಅಂಗಡಿಯ ಮಾತಿನಲ್ಲಿ ಫ್ರೇಮು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಮೆ ಸಮಾನವಾದ ಎರಡು ಚಕ್ರಗಳ, ಹಿಂಚಕ್ರಕ್ಕೆ ಚೈನಿರುವ ಗಾಡಿಯನ್ನು ಹೊರತಂದಂದಿನಿಂದ ಬಹುಕಾಲ ಫ್ರೇಮೆಂದರೆ ಉಕ್ಕೇ ಆಗಿತ್ತು. 1897ರಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಎಂಬಾತನು ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಕೊಳವೆಗೆ ಹಕ್ಕುಪತ್ರ ಪಡೆದನು. ಬೆಸುಗೆಯಾಗುವ ಕಡೆ ಬಲ ಬೇಕು, ನಡುವೆ ಬೇಕಿಲ್ಲ ಎಂಬ ಸರಳವಾದ ಯುಕ್ತಿ ಇದು. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕಿನಿಂದ ಇಂತಹ ಕೊಳವೆಗಳನ್ನು ಮಾಡಿದರೆ ನಡುಭಾಗದ ದಪ್ಪ ಒಂದು ಮಿಲಿಮೀಟರಿಗೂ ಕಡಮೆಯಾಗುತ್ತದೆ. ಅಂಗಡಿಯಲ್ಲಿ ಇದನ್ನು ಕ್ರೋಮೋಲಿ ಎನ್ನುವರು. ಬರಿಯ ‘ಸ್ಟೀಲು’ ಎಂದು ಮಾತ್ರ ಹೇಳಿದರೆ ಅದು ಹಳೆಯ ಭಾರದ ಉಕ್ಕೇ ಇರಬಹುದು, ಕೇಳಿ ತಿಳಿಯಬೇಕು.

ಉಕ್ಕಿನ ದೊಡ್ಡ ಗುಣವೆಂದರೆ ಅದು ಸಾಮಾನ್ಯವಾಗಿ ಮುರಿಯುವ ಮುನ್ನ ಬಗ್ಗಿ, ಬಿರುಕುಬಿಟ್ಟು, ಕಿರುಗುಟ್ಟಿ ಎಚ್ಚರಿಕೆ ಕೊಡುತ್ತದೆ. ಬಿರುಕಿಗೆ ಹಿತ್ತಾಳೆ ಬೆಸುಗೆ ಹಾಕಬಲ್ಲ ಹಳಬರು ಸಣ್ಣ ಪೇಟೆಗಳಲ್ಲಿಯೂ ಸಿಗುವುದುಂಟು. ಆದರೆ ತೆಳುವಾದ ಕ್ರೋಮೋಲಿ ಕೊಳವೆಯನ್ನು ಗೇಟು ಕಿಟಕಿ ಮಾಡುವವರ ವಿದ್ಯುತ್ ವೆಲ್ಡಿಂಗಿಗೆ ಕೊಟ್ಟರೆ ತೂತೇ ಬೀಳುವುದು. ಉಕ್ಕಿನ ವೈರಿ ತುಕ್ಕು. ನಾಲೆಯ ನೀರು, ಅಡಕೆ ತೋಟದ ತೇವ ಇರುವ ಚನ್ನಗಿರಿಯ ಕಡೆ, ಮಳೆಗಾಲಕ್ಕೆ ಮೊದಲು ಸೀಟಿನ ಕಂಬವನ್ನು ಹೊರಗೆಳೆದು ಕೊಳವೆಯ ಒಳಗೆ ಎಣ್ಣೆ ಹಾಯಿಸಿ, ಕಂಬಕ್ಕೆ ಗ್ರೀಸು ಸವರಿ ಕೂರಿಸುವುದು ಅವಶ್ಯ. ಅಲ್ಯುಮಿನಿಯಂ ಕಂಬವು ಉಕ್ಕಿನ ಫ್ರೇಮಿನಲ್ಲಿ ವರ್ಷಗಟ್ಟಲೆ ಹಾಗೆಯೇ ಇದ್ದರೆ ಎರಡೂ ಕಚ್ಚಿಕೊಂಡು ಯಾರಿಗೂ ಬಿಡಿಸಲಾಗದಂತಾಗುತ್ತದೆ.

ಅಲ್ಯುಮಿನಿಯಂ ಉಕ್ಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ ತೂಗುತ್ತದೆ. ಅದರ ಬಿಗಿತವೂ ಮೂರನೆಯ ಒಂದು ಭಾಗವೇ. ಈ ಕೊರತೆಯನ್ನು ನೀಗಲು ಕೊಳವೆಯನ್ನು ದಪ್ಪನಾಗಿ ಮಾಡುತ್ತಾರೆ; ಅಲ್ಯುಮಿನಿಯಂ ಗಾಡಿಗಳು ತೋಳು ದಪ್ಪವಾಗಿ ಕಾಣುವುದು ಇದರಿಂದಲೇ. ಕೆಂಪು ತುಕ್ಕು ಹಿಡಿಯದು, ಬೆಲೆ ಮಿತ, ಸುಲಭವಾಗಿ ದೊರೆಯುತ್ತದೆ. ಎರಡು ದೋಷಗಳುಂಟು. ಸಣ್ಣ ಸಣ್ಣ ಕುಲುಕಾಟಗಳು ಕೂಡಿ ಕೂಡಿ ಒಂದಲ್ಲ ಒಂದು ದಿನ ಈ ಲೋಹವನ್ನು ದಣಿಸುತ್ತವೆ. ಉಕ್ಕಾದರೋ ಒಂದು ಮಿತಿಯೊಳಗಿನ ಕುಲುಕಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಎರಡನೆಯದಾಗಿ, ಕಾರ್ಖಾನೆಯಲ್ಲಿ ಬೆಸುಗೆಯಾದ ಬಳಿಕ ಫ್ರೇಮನ್ನು ಕಾಯಿಸಿ ಹದಗೊಳಿಸಿರುತ್ತಾರೆ. ಊರಿನಲ್ಲಿ ಮತ್ತೆ ಬೆಸೆದರೆ ಆ ಹದ ಹೋಗುತ್ತದೆ, ಬಲ ಹಿಂದಿರುಗುವುದಿಲ್ಲ. ಬಿರುಕುಬಿಟ್ಟ ಅಲ್ಯುಮಿನಿಯಂ ಫ್ರೇಮಿನ ಆಯುಸ್ಸು ಅಲ್ಲಿಗೆ ಮುಗಿಯಿತೆಂದೇ ತಿಳಿಯತಕ್ಕದ್ದು.

ಇನ್ನು ಕಾರ್ಬನ್. ಇದು ಲೋಹವಲ್ಲ, ಇಂಗಾಲದ ನಾರಿನ ಪದರಗಳನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಗಟ್ಟಿಮಾಡಿದ ವಸ್ತು. ತೂಕ ಬಹಳ ಕಡಮೆ, ಬಿಗಿತ ಅತಿಶಯ, ರಸ್ತೆಯ ನಡುಕವನ್ನೂ ಚೆನ್ನಾಗಿ ನುಂಗಿಕೊಳ್ಳಬಲ್ಲುದು. ನಾರಿನ ಉದ್ದಕ್ಕೆ ಅದಕ್ಕೆ ಸಾಟಿಯಿಲ್ಲ. ಆದರೆ ಪಕ್ಕದಿಂದ ಕಲ್ಲು ತಾಗಿದರೆ, ಗಾಡಿ ಬಿದ್ದರೆ, ತಿರುಪನ್ನು ಮಿತಿಮೀರಿ ಬಿಗಿದರೆ, ಒಳಪದರಗಳು ಬಿಟ್ಟುಕೊಂಡು ಹೊರಬಣ್ಣ ಮಾತ್ರ ನಗುತ್ತಿರುವ ಸಂಭವವುಂಟು. ಸೀಟಿನ ಕಂಬದ ತಿರುಪಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರಿನ ಆಸುಪಾಸಿನ ಬಿಗುಪು ಸಾಕು. ಅದನ್ನು ಅಳೆಯಲು ಬೇರೆ ಕೀಲಿಯೇ ಬೇಕು. ಸ್ಪ್ಯಾನರಿಗೆ ತೋಳಿನ ಬಲವನ್ನೆಲ್ಲ ಹಾಕುವ ನಮ್ಮ ಪದ್ಧತಿ ಇಲ್ಲಿ ಸಲ್ಲದು. ಟೈಟೇನಿಯಂ ಎಂಬ ಮತ್ತೊಂದು ಲೋಹ ಉತ್ತಮವೇ ಸರಿ. ಅದರ ಬೆಲೆ ಕೇಳಿದ ಗೃಹಸ್ಥರು ಎರಡನೆಯ ಸಲ ಕೇಳಲಾರರು.

ಫ್ರೇಮಿಗಿಂತಲೂ ಭಯ ಪಡಬೇಕಾದುದು ಮುಂದಿನ ಫೋರ್ಕಿನ ವಿಷಯದಲ್ಲಿ. ಹಿಂಭಾಗ ಬಿರುಕುಬಿಟ್ಟರೆ ಗಾಡಿ ತೂರಾಡಿ ನಿಲ್ಲಬಹುದು. ಫೋರ್ಕು ಮುರಿದರೆ ಸವಾರನು ಮುಖವಡಿಯಾಗಿ ಬೀಳುತ್ತಾನೆ. ಅನೇಕ ಅಲ್ಯುಮಿನಿಯಂ ಗಾಡಿಗಳಿಗೆ ಕಾರ್ಬನ್ ಫೋರ್ಕಿರುತ್ತದೆ. ಜೋರಾಗಿ ಗುಂಡಿಗೆ ಬಿದ್ದು ಮುಂಚಕ್ರ ಸೊಟ್ಟಗಾದರೆ, ರಿಮ್ಮಿನ ಬೆಂಡು ತೆಗೆಸಿ ಸುಮ್ಮನಾಗದೆ, ಫೋರ್ಕನ್ನು ಕಳಚಿಸಿ ನೋಡಿಸಲೇಬೇಕು.

ತೂಕದ ವ್ಯಾಮೋಹದ ಬಗ್ಗೆ ಒಂದು ಸಣ್ಣ ಲೆಕ್ಕ. ಸವಾರನ ತೂಕ 65 ಕಿಲೋಗ್ರಾಂ. ಉಕ್ಕಿನ ಗಾಡಿ ಹತ್ತೂವರೆ, ಕಾರ್ಬನ್ನಿನದು ಎಂಟೂವರೆ ಎನ್ನೋಣ. ಒಟ್ಟು ಭಾರದಲ್ಲಿ ವ್ಯತ್ಯಾಸ ನೂರಕ್ಕೆ ಮೂರರಷ್ಟೂ ಆಗದು. ಏರಿನಲ್ಲಿ ಅಷ್ಟು ಲಾಭವುಂಟು. ಸಮನೆಲದಲ್ಲಿ ಅದೂ ಇಲ್ಲ, ಏಕೆಂದರೆ ಗಂಟೆಗೆ 25 ಕಿಲೋಮೀಟರು ಮೀರಿದ ಮೇಲೆ ನಮ್ಮ ಶ್ರಮದ ಬಹುಭಾಗವನ್ನು ಗಾಳಿಯೇ ತಿನ್ನುತ್ತದೆ. ಆಷಾಢದ ಗಾಳಿಗೆ ಎದುರಾಗಿ ಜಗಳೂರಿನಿಂದ ದಾವಣಗೆರೆಯ ಕಡೆಗೆ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ದಿನ ಕೈಹಿಡಿಯುವುದು ಗೇರು. ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರ, ಹಿಂದೆ 11ರಿಂದ 32 ಹಲ್ಲುಗಳವರೆಗಿನ ಗೊಂಚಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಗಾಡಿ 2.3 ಮೀಟರಿನಷ್ಟು ಮೆಲ್ಲಗೂ 9.7 ಮೀಟರಿನಷ್ಟು ದೂರಕ್ಕೂ ಸಾಗಬಲ್ಲುದು. ಜಪಾನಿನ ಶಿಮಾನೋ ಕಂಪನಿಯ ಗೇರುಗಳಲ್ಲಿ ಕ್ಲಾರಿಸಿಗೆ ಹಿಂದೆ 8 ಚಕ್ರ, ಸೋರಾಗೆ 9, ಟಿಯಾಗ್ರಾಗೆ 10. ಮೇಲೇರಿದಂತೆ ನಯ ಹೆಚ್ಚು, ಚೈನು ಸಪೂರ, ಬದಲಾಯಿಸುವ ಖರ್ಚೂ ಹೆಚ್ಚು. ಮೊದಲ ಗಾಡಿಗೆ ಎಂಟು ಧಾರಾಳವಾಯಿತು.

ಟಯರಿನ ವಿಷಯದಲ್ಲಿ ನಾವು ಹಟವನ್ನೇ ಹಿಡಿಯುತ್ತೇವೆ: ಕನಿಷ್ಠ 32 ಮಿಲಿಮೀಟರು ಅಗಲದ ಟಯರು ಹಿಡಿಸುವಷ್ಟು ಸ್ಥಳವಿಲ್ಲದ ಫ್ರೇಮನ್ನು ಈ ಸೀಮೆಗೆ ತರಬಾರದು. ಕೊಂಡುಕುರಿ ಅಭಯಾರಣ್ಯವಿರುವ ರಂಗಯ್ಯನದುರ್ಗದ ಕಡೆಯ ಕುರುಚಲು ಕಾಡಿನ ದಾರಿಯಲ್ಲಿ ಜಾಲಿಯ ಮುಳ್ಳಿಗೆ ತೆಳುವಾದ ಟಯರು ಒಂದು ತುತ್ತು. ಸುಗ್ಗಿಯಲ್ಲಿ ರಸ್ತೆಯೇ ಕಣವಾಗುತ್ತದೆ. ರಾಗಿ, ಹುರುಳಿಯ ಹುಲ್ಲಿನ ಮೇಲೆ ಸಪೂರ ಟಯರು ಜಾರುವುದಲ್ಲದೆ, ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡು ಅದನ್ನು ಕಡ್ಡಿಗಳೊಳಕ್ಕೆ ಎಳೆದುಬಿಡುವುದೂ ಉಂಟು. ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಮತ್ತೊಂದು ಸೂಕ್ಷ್ಮ: ನಮ್ಮ ಹಳೆಯ ಗಾಡಿಯ 28 ಅಂಗುಲದ ಟಯರು ನೋಟಕ್ಕೆ ರೋಡ್ ಬೈಕಿನದರಂತೆಯೇ ಇದ್ದರೂ ಅದರ ರಿಮ್ಮಿನ ಅಳತೆ 635 ಮಿಲಿಮೀಟರು, ಇದರದು 622. ಒಂದು ಇನ್ನೊಂದಕ್ಕೆ ಕೂರದು. ಗಾಳಿ ಹೊಡೆಯುವ ವಾಲ್ವು ಕೂಡ ಪ್ರೆಸ್ಟಾ ಎಂಬ ಬೇರೆ ಜಾತಿಯದು. ಕೆಲವೇ ರೂಪಾಯಿಯ ಹಿತ್ತಾಳೆಯ ತೊಪ್ಪಿಯೊಂದನ್ನು ತಿರುಗಿಸಿ ಹಾಕಿದರೆ ಮೋಟಾರು ಸೈಕಲ್ಲಿಗೆ ಗಾಳಿ ತುಂಬುವ ಪಂಪು ಇದಕ್ಕೂ ಆದೀತು. ಆ ತೊಪ್ಪಿ, ಎರಡು ಟ್ಯೂಬು, ಒಂದು ಟಯರು, ಇವಿಷ್ಟನ್ನು ಗಾಡಿಯ ಜತೆಯಲ್ಲಿಯೇ ಕೊಂಡುತರಬೇಕು.

ನಾಟಿಯ ಕಾಲದಲ್ಲಿ ಹೊನ್ನಾಳಿ ನ್ಯಾಮತಿಗಳ ರಸ್ತೆಗೆ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನು ಹೊತ್ತು ತರುತ್ತವೆ. ರಿಮ್ಮನ್ನು ಹಿಡಿಯುವ ಬ್ರೇಕು ಆ ಕೆಸರಿನಲ್ಲಿ ರಿಮ್ಮನ್ನೇ ಸವೆಸುತ್ತದೆ. ಡಿಸ್ಕು ಬ್ರೇಕು ಮೇಲು. ಎಣ್ಣೆಯ ಒತ್ತಡದ ಡಿಸ್ಕಿಗೆ ಬೆರಳ ಬಲ ಕಡಮೆ ಸಾಕಾದರೂ, ತಂತಿ ಎಳೆಯುವ ಡಿಸ್ಕನ್ನು ಯಾವ ಅಂಗಡಿಯವರಾದರೂ ಸರಿಪಡಿಸಿಯಾರು. ಅಂಗೈ ಚಿಕ್ಕದಾದ ಹೆಣ್ಣುಮಕ್ಕಳಿಗೆ ಬ್ರೇಕಿನ ಹಿಡಿ ಬೆರಳಿಗೆ ಎಟಕುತ್ತದೆಯೇ ಎಂದು ಅವರನ್ನೇ ಕೂರಿಸಿ ನೋಡಬೇಕು. ಸೀಟಿನ ಎತ್ತರಕ್ಕೆ ಹಳೆಯ ಪರೀಕ್ಷೆಯೇ ಸಾಕು: ಪೆಡಲು ಕೆಳಗಿದ್ದಾಗ ಹಿಮ್ಮಡಿಯನ್ನಿಟ್ಟರೆ ಕಾಲು ನೆಟ್ಟಗಾಗಬೇಕು. ‘ಬೆಳೆಯುವ ಮಗು’ ಎಂದು ದೊಡ್ಡ ಅಳತೆಯ ಫ್ರೇಮು ಕೊಳ್ಳುವುದು ಅಂಗಿಯ ವಿಷಯದಲ್ಲಿ ಮಿತವ್ಯಯ. ಗಾಡಿಯ ವಿಷಯದಲ್ಲಿ ಬೆನ್ನುನೋವು.

ನಮ್ಮನ್ನು ಕೇಳಿದರೆ, ಕ್ರೋಮೋಲಿ ದೊರೆತರೆ ಅದು; ದೊರೆಯದಿದ್ದರೆ ಒಳ್ಳೆಯ ಅಲ್ಯುಮಿನಿಯಂ; ಉಳಿದ ಹಣ ಟಯರಿಗೆ, ದೀಪಕ್ಕೆ, ತಲೆಯ ಹೆಲ್ಮೆಟ್ಟಿಗೆ. ಕಾರ್ಬನ್ನಿನ ಮೇಲೆಯೇ ಮನಸ್ಸಿಟ್ಟು, ಅಗ್ಗವೆಂದು ಯಾರೋ ಓಡಿಸಿಬಿಟ್ಟದ್ದನ್ನು ನೋಡಲು ಹೊರಟವರು, ಹಗಲು ಬೆಳಕಿನಲ್ಲಿ ಅದರ ಚಕ್ರ ಕಳಚಿಸಿ, ಮೈಯೆಲ್ಲ ಒರೆಸಿಸಿ, ಗಡಿಗೆ ಕೊಳ್ಳುವಾಗ ಮಾಡುವಂತೆ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಬರಲಿ. ಒಂದೇ ಕೊಳವೆಯಲ್ಲಿ ಟಣಟಣ ಎನ್ನುತ್ತಿದ್ದ ಸದ್ದು ಎಲ್ಲಿಯಾದರೂ ಥಟ್ಟನೆ ಮಂದವಾದರೆ, ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ ಎದ್ದುಬರಬಹುದು.